ಗೀಸರ್ ಇರೋ ಮನೆಗೆ ಸೌದೆ ಬಾಯ್ಲರ್: ಬಿಲ್ ಜೊತೆ ಜೀವಾನೂ ನೋಡಿ!

ಬೆಳಗ್ಗೆ ಗೀಸರ್ ಸ್ವಿಚ್ ಹಾಕೋವಾಗ ಕೈ ಒಂದು ಕ್ಷಣ ತಡೆಯುತ್ತಾ? ಸಹಜವೇ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆ ಪ್ರತಿ ಮನೆಯ ಉಚಿತ ಯೂನಿಟ್‌ಗೆ ಒಂದು ಮಿತಿ ಹಾಕಿತು. ಮಿತಿ ಮೀರಿದರೆ ಹೆಚ್ಚುವರಿ ಯೂನಿಟ್‌ಗೆ ಹಣ ಕಟ್ಟಬೇಕು. ತಿಂಗಳ ಬಳಕೆ 200 ಯೂನಿಟ್ ದಾಟಿತೋ, ಪೂರ್ತಿ ಬಿಲ್ ನಮ್ಮ ತಲೆ ಮೇಲೆ!

ಈಗ ಲೆಕ್ಕ ಹಾಕಿ. 2 ಕಿಲೋವ್ಯಾಟ್ ಗೀಸರ್ ದಿನಕ್ಕೆ ಒಂದು ಗಂಟೆ ಕಾದರೆ 2 ಯೂನಿಟ್, ತಿಂಗಳಿಗೆ 60. ಗಡಿಯಲ್ಲಿರುವ ಸಂಸಾರಕ್ಕೆ ಇದೇ ಸಾಕು. ಹಾಗಾಗಿಯೇ ಹಿತ್ತಲಿರುವ ಮನೆಯವರಿಗೆ ಊರಿನ ಬಚ್ಚಲೊಲೆ ನೆನಪಾಗೋದು. ‘ಒಂದು ಸೌದೆ ಬಾಯ್ಲರ್ ತಂದು ಗೀಸರ್ ಪೈಪಿಗೇ ಸೇರಿಸಿಬಿಟ್ಟರೆ?’ ಅನ್ನೋ ಯೋಚನೆ ಬರುತ್ತೆ.

ಸ್ವಲ್ಪ ತಾಳಿ! ಗೀಸರ್‌ನಲ್ಲಿ ನೀರು ಕಾದ ಕೂಡಲೇ ಥರ್ಮೋಸ್ಟ್ಯಾಟ್ ಕರೆಂಟ್ ನಿಲ್ಲಿಸುತ್ತದೆ. ಸೌದೆ ಬೆಂಕಿಗೆ ಸ್ವಿಚ್ ಎಲ್ಲಿದೆ? ನಲ್ಲಿ ನಿಲ್ಲಿಸಿದರೂ ಕೆಂಡ ಉರೀತಾನೇ ಇರುತ್ತೆ. ಹೊರಹೋಗಲು ದಾರಿಯಿಲ್ಲದೆ ಆವಿಯ ಒತ್ತಡ ಏರಿದರೆ ಬಾಯ್ಲರ್ ಸಿಡಿಯಬಹುದು. ಊರಿನ ಹಂಡೆಯ ಬಾಯಿ ತೆರೆದಿತ್ತು, ಆ ಭಯ ಇರಲಿಲ್ಲ. ಮುಚ್ಚಿದ ಬಾಯ್ಲರ್‌ನ ಕಥೆಯೇ ಬೇರೆ.

ಪ್ಲಂಬರ್ ಬಂದಾಗ ಇಷ್ಟನ್ನು ಪಕ್ಕದಲ್ಲೇ ನಿಂತು ಮಾಡಿಸಿಕೊಳ್ಳಿ:

* ಬಾಯ್ಲರ್‌ನ ನೆತ್ತಿಯಿಂದ ಹೊರಡುವ ಗಾಳಿ ಪೈಪ್ ಓವರ್‌ಹೆಡ್ ಟ್ಯಾಂಕ್‌ನ ನೀರಿನ ಮಟ್ಟಕ್ಕಿಂತ ಮೇಲೆ ತೆರೆದಿರಬೇಕು. ಅದರ ಮಧ್ಯೆ ಯಾವ ವಾಲ್ವೂ ಬೇಡ.
* ಗೀಸರ್‌ಗೊಂದು, ಬಾಯ್ಲರ್‌ಗೊಂದು ಪ್ರತ್ಯೇಕ ಲೈನ್, ಪ್ರತ್ಯೇಕ ನಲ್ಲಿ ಇದ್ದರೆ ಎಲ್ಲಕ್ಕಿಂತ ಕ್ಷೇಮ. ಒಂದರ ನೀರು ಇನ್ನೊಂದಕ್ಕೆ ನುಗ್ಗೋ ತಂಟೆ ಇರಲ್ಲ.
* ಬಿಸಿನೀರಿಗೆ ಮಾಮೂಲಿ ಪಿವಿಸಿ ಪೈಪ್ ಬೇಡ, ಮೆತ್ತಗಾಗುತ್ತೆ. ಬಾಯ್ಲರ್ ಹತ್ತಿರ ಲೋಹದ ಪೈಪೇ ಇರಲಿ.
* ಟ್ಯಾಂಕ್‌ನಲ್ಲಿ ನೀರಿದೆಯಾ ನೋಡಿಯೇ ಒಲೆ ಹಚ್ಚಿ.

ಒಲೆ ಮಾತ್ರ ಬಚ್ಚಲಮನೆ ಒಳಗೆ ಬೇಡವೇ ಬೇಡ. ಮುಚ್ಚಿದ ಕೋಣೆಯಲ್ಲಿ ಸೇರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ಸ್ನಾನಕ್ಕೆ ಹೋದವರು ಹಾಗೇ ಕುಸಿದುಬೀಳಬಹುದು. ಬಾಯ್ಲರ್ ಹೊರಗಿರಲಿ, ಚಿಮಣಿ ಸೂರಿಗಿಂತ ಎತ್ತರವಿರಲಿ. ಸೌದೆ ಚೆನ್ನಾಗಿ ಒಣಗಿರಲಿ. ಪ್ಲಾಸ್ಟಿಕ್, ಪೇಂಟ್ ಹಚ್ಚಿದ ಹಲಗೆ ಒಲೆಗೆ ಹಾಕಬೇಡಿ.

ಇನ್ನೊಂದು ಮಾತು. ಕರೆಂಟ್ ಬಿಲ್‌ನಲ್ಲಿ ಉಳಿದದ್ದು ಕಾಣುತ್ತೆ. ಮುಂಜಾನೆ ಎದ್ದು ಒಲೆ ಹಚ್ಚಿದ, ಬೂದಿ ತೆಗೆದ, ಹೊಗೆ ಕುಡಿದ ಲೆಕ್ಕ ಯಾವ ಬಿಲ್‌ನಲ್ಲೂ ಬರಲ್ಲ. ಮನೆಯಲ್ಲಿ ಆ ಕೆಲಸ ಯಾರ ಪಾಲಿಗೆ ಬೀಳುತ್ತೆ ಅಂತ ನಿಮಗೇ ಗೊತ್ತು! ಸೌದೆಗೂ ದುಡ್ಡು ಕೊಡಬೇಕಾದರೆ ಉಳಿತಾಯ ಇನ್ನೂ ಕಮ್ಮಿ. ತೆಂಗಿನ ಗರಿ, ಚಿಪ್ಪು, ಒಣಕೊಂಬೆ ಹಿತ್ತಲಲ್ಲೇ ಸಿಗುವವರಿಗೆ ಬಾಯ್ಲರ್ ಲಾಭವೇ. ಫ್ಲ್ಯಾಟ್‌ನಲ್ಲಿರುವವರು ಆಸೆ ಬಿಡಿ. ಗೀಸರ್‌ನ ಉಷ್ಣತೆ ಸ್ವಲ್ಪ ತಗ್ಗಿಸಿ, ಎಲ್ಲರೂ ಒಬ್ಬರ ಹಿಂದೊಬ್ಬರು ಸ್ನಾನ ಮುಗಿಸಿದರೂ ಯೂನಿಟ್ ಉಳಿಯುತ್ತೆ.

ನಿರ್ಧಾರ ನಿಮ್ಮದು. ಆದರೆ ಗಾಳಿ ಪೈಪ್ ಇಲ್ಲದ ಬಾಯ್ಲರ್‌ಗೆ ಮಾತ್ರ ಬೆಂಕಿ ಹಚ್ಚಬೇಡಿ.