ಹೊಲಿಗೆ ಬಿಚ್ಚಿದ ಮೇಲಿನ ಚಿಕಿತ್ಸೆ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರನ್ನು ಕಲಬುರಗಿಗೋ ಸೊಲ್ಲಾಪುರಕ್ಕೋ ಒಯ್ಯುತ್ತಾರೆ. ಶಸ್ತ್ರಚಿಕಿತ್ಸೆಯಿಂದ ಎಷ್ಟೋ ಜೀವಗಳು ಉಳಿಯುತ್ತವೆ. ಹೊಲಿಗೆ ಬಿಚ್ಚಿದರೆ ಆಸ್ಪತ್ರೆಯ ಕೆಲಸ ಮುಗಿಯಿತು. ಮನೆಯವರ ಕಷ್ಟ ಆರಂಭವಾಗುವುದು ಆಗಲೇ.

ಸಮಾಧಾನಿಯಾಗಿದ್ದವನು ಸಣ್ಣ ಮಾತಿಗೂ ಸಿಡಿಯುತ್ತಾನೆ. ಚುರುಕಾಗಿದ್ದವನು ಗೋಡೆ ನೋಡುತ್ತ ಕೂರುತ್ತಾನೆ. ಮಿದುಳಿನ ಮುಂಭಾಗಕ್ಕೆ ಏಟಾದಾಗ ಸಿಟ್ಟಿನ ಮೇಲಿನ ಹಿಡಿತವೂ ಕೆಲಸಕ್ಕೆ ತೊಡಗುವ ಉತ್ಸಾಹವೂ ಕುಂದಬಹುದು. ತಾನು ಬದಲಾಗಿರುವುದು ತನಗೇ ತಿಳಿಯದಿರುವುದೂ ಗಾಯದ ಲಕ್ಷಣವೇ. ಊರವರು ಮಾತ್ರ ಇದನ್ನು ಸೋಮಾರಿತನ ಎನ್ನುತ್ತಾರೆ, ಇಲ್ಲವೇ ದೆವ್ವದ ಕಾಟ ಎನ್ನುತ್ತಾರೆ. ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ದತ್ತ ಸನ್ನಿಧಿಗೆ ಈ ನಂಬಿಕೆಯಿಂದ ಬರುವವರು ಕಡಿಮೆಯಿಲ್ಲ. ನಾನು ಅವರನ್ನು ಹಂಗಿಸಲಾರೆ. ಭೀಮಾ-ಅಮರಜಾ ಸಂಗಮದಲ್ಲಿ ಮುಳುಗಿ ಏಳುವ ರೋಗಿಯ ಜೊತೆಗೆ ಕುಟುಂಬವಿರುತ್ತದೆ. ಆ ಕುಟುಂಬಕ್ಕೆ ಕಾಯಿಲೆಯ ಸ್ವರೂಪವನ್ನು ತಿಳಿಸಿ ಹೇಳಿದವರು ಮಾತ್ರ ವಿರಳ.

1848ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ಫಿನಿಯಾಸ್ ಗೇಜ್ ಎಂಬ ರೈಲು ಹಾದಿಯ ಮೇಸ್ತ್ರಿಯ ತಲೆಯನ್ನು ಕಬ್ಬಿಣದ ಸಲಾಕೆಯೊಂದು ತೂರಿಹೋಯಿತು. ಅವನ ಸ್ವಭಾವ ಬದಲಾದ ಕಥೆ ವೈದ್ಯಕೀಯ ಪಠ್ಯಗಳಲ್ಲಿ ಪ್ರಸಿದ್ಧ. ಮುಂದೆ ಚಿಲಿ ದೇಶದಲ್ಲಿ ಅವನು ವರ್ಷಗಟ್ಟಲೆ ಸಾರೋಟು ಓಡಿಸಿದ್ದು ಅಷ್ಟಾಗಿ ತಿಳಿದಿಲ್ಲ. ದಿನವೂ ಒಂದೇ ಕ್ರಮದ ಆ ಕೆಲಸ ಅವನ ಚೇತರಿಕೆಗೆ ನೆರವಾಯಿತೆಂದು ಅವನನ್ನು ಕುರಿತು ಅಧ್ಯಯನ ಮಾಡಿದ ಕೆಲವರು ವಾದಿಸಿದ್ದಾರೆ.

ನಮ್ಮ ಒಕ್ಕಲುತನದಲ್ಲೂ ಅಂಥ ಕ್ರಮವಿದೆ. ಎತ್ತಿಗೆ ಮೇವು ಹಾಕುವುದು, ತೊಗರಿ ಹೊಲದ ಕಳೆ ತೆಗೆಯುವುದು ಮುಂತಾದ ಕೆಲಸಗಳನ್ನು ತಾಳ್ಮೆಯಿಂದ ಒಪ್ಪಿಸಿದರೆ ರೋಗಿಗೆ ತನ್ನ ಮೇಲೆ ವಿಶ್ವಾಸ ಮರಳುತ್ತದೆ. ಹೊಲವಿಲ್ಲದೆ ಪುಣೆ, ಮುಂಬೈಗೆ ಗುಳೆ ಹೋಗುವ ಕುಟುಂಬಕ್ಕೆ ಈ ಅನುಕೂಲವಿಲ್ಲ. ಅಲ್ಲಿ ಗಂಡನ ಆರೈಕೆಗೆ ನಿಂತ ಹೆಂಡತಿಯ ಕೂಲಿಯೂ ತಪ್ಪುತ್ತದೆ; ಅವಳ ದಣಿವನ್ನು ಕೇಳುವವರಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಮಿದುಳಿನ ಪೆಟ್ಟಿಗೆ ಅದರಲ್ಲಿ ಪ್ರತ್ಯೇಕ ಹೆಸರಿಲ್ಲ. ಆದರೂ ಇರುವ ವ್ಯವಸ್ಥೆಯಲ್ಲೇ ಮಾಡಬಹುದಾದದ್ದು ಬಹಳಷ್ಟಿದೆ. ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರಬೇಕೆಂಬ ಉದ್ದೇಶದ ಮನೋಚೈತನ್ಯ ಕಾರ್ಯಕ್ರಮವನ್ನು ರಾಜ್ಯ 2014ರಲ್ಲಿ ರೂಪಿಸಿತು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅಂಗವಿಕಲರ ಪುನರ್ವಸತಿ ಕಾರ್ಯಕರ್ತರಿದ್ದಾರೆ. ತಲೆಪೆಟ್ಟಿನಿಂದ ಪಾರಾಗಿ ಮನೆಗೆ ಮರಳಿದವರ ಹೆಸರು ಇವರಿಬ್ಬರಿಗೂ ತಲುಪಬೇಕು. ಒಂದು ವರ್ಷವಾದರೂ ಅವರ ಮನೆಗೆ ಹೋಗಿ, ರೋಗಿಯ ಜೊತೆಗೆ ಅವನ ಹೆಂಡತಿಯನ್ನೂ ಮಾತನಾಡಿಸಬೇಕು. ಉಳಿಸಿದ ಜೀವಕ್ಕೆ ಬದುಕನ್ನೂ ಕಟ್ಟಿಕೊಡುವುದು ಸರ್ಕಾರದ ಹೊಣೆಯೆಂದೇ ನಾನು ಭಾವಿಸುತ್ತೇನೆ.