ಬೂಟು ಹರಿದರೆ ಕಾಲೇ ಬದಲಿಸಬೇಕಾ?

ಬದಲಿಸಬೇಕಂತೆ! ನಮ್ಮ ಫೋರ್ ವೀಲ್ ಡ್ರೈವ್ ಗಾಡಿಯ ಆಕ್ಸೆಲ್ ಬೂಟು ಹರಿದಿದ್ದಕ್ಕೆ ಪೇಟೆಯ ಸರ್ವಿಸ್ ಸೆಂಟರಿನವರು ಕೊಟ್ಟ ತೀರ್ಪು ಇದು. "ಬೂಟು ಮಾತ್ರ ಹಾಕುದಿಲ್ಲ ಸರ್, ಇಡೀ ಆಕ್ಸೆಲ್ಲೇ ಚೇಂಜ್." ಬಿಚ್ಚಿ ಕೂಡ ನೋಡಿರಲಿಲ್ಲ. ಇದು ರಿಪೇರಿ ಅಲ್ಲ ಮಾರಾಯ್ರೆ, ಬರೀ ವ್ಯಾಪಾರ.

ಗೊತ್ತಿಲ್ಲದವರಿಗೆ ಸ್ವಲ್ಪ ವಿವರ. ಮುಂದಿನ ಚಕ್ರ ಉರುಳುತ್ತಲೇ ಎಡಕ್ಕೂ ಬಲಕ್ಕೂ ಹೊರಳಬೇಕಲ್ಲ, ಅದಕ್ಕೆ ಆಕ್ಸೆಲ್ ತುದಿಯಲ್ಲಿ ಸಿ.ವಿ. ಜಾಯಿಂಟ್ ಇದೆ. 1920ರ ದಶಕದಲ್ಲಿ ಆಲ್‌ಫ್ರೆಡ್ ಝೆಪ್ಪಾ ಎಂಬ ಇಂಜಿನಿಯರ್ ರೂಪಿಸಿದ್ದು. ಒಳಗೆ ಸಾಮಾನ್ಯವಾಗಿ ಆರು ಉಕ್ಕಿನ ಗುಂಡುಗಳು, ಸುತ್ತ ಗ್ರೀಸು. ಗ್ರೀಸು ಹೊರಗೆ ಸಿಡಿಯದಂತೆ, ಕೆಸರು ಒಳಗೆ ಹೋಗದಂತೆ ಮುಚ್ಚುವ ನೆರಿಗೆ ನೆರಿಗೆಯ ಚೀಲವೇ ಬೂಟು. ಹಳೇ ವಿಲ್ಲೀಸ್ ಜೀಪು, ಜಿಪ್ಸಿಗಳಲ್ಲಿ ಈ ಜಾಯಿಂಟು ಕಬ್ಬಿಣದ ಗೋಳದೊಳಗೆ ಭದ್ರವಾಗಿ ಕೂತಿರುತ್ತದೆ. 2020ರ ಥಾರ್‌ನಂಥ ಗಾಡಿಗಳಲ್ಲಿ ಮುಂದಿನ ಚಕ್ರಗಳು ಒಂದಕ್ಕೊಂದು ಸಂಬಂಧವಿಲ್ಲದೆ ಏರಿಳಿಯುತ್ತವೆ. ಹಾಗಾಗಿ ಬೂಟು ಬಯಲಿಗೆ ಬಿದ್ದಿದೆ.

ನಮ್ಮ ಗುರುವಾಯನಕೆರೆ ಸುತ್ತಮುತ್ತಲಿನ ತೋಟದ ದಾರಿಗಳು ನಿಮಗೆ ಗೊತ್ತೇ ಇದೆ. ಮುರಕಲ್ಲು, ಕಡಿದ ಕೊಂಬೆ, ಮಳೆಗಾಲದ ಕೆಂಪು ಕೆಸರು. ಹರಿದ ಬೂಟಿನೊಳಗೆ ಆ ಮಣ್ಣು ಹೊಕ್ಕು ಗ್ರೀಸಿಗೆ ಸೇರಿದರೆ ಅದು ಗ್ರೀಸಲ್ಲ, ಉಕ್ಕು ತಿನ್ನುವ ಅರಪುಡಿ.

ಹಾಗಾದ್ರೆ ಆಕ್ಸೆಲ್ ಬದಲಿಸಲೇಬಾರದಾ? ಸ್ಟೀರಿಂಗ್ ಪೂರ್ತಿ ತಿರುಗಿಸಿ ಹೋಗುವಾಗ ಟಕ್ ಟಕ್ ಸದ್ದು ಬಂದು, ಗುಂಡು ಓಡುವ ಗಾಡಿ ಸವೆದಿದ್ದರೆ ಖಂಡಿತ ಬದಲಿಸಿ. ಸವೆದಿಲ್ಲವೋ, ಜಾಯಿಂಟ್ ಬಿಚ್ಚಿ ತೊಳೆದು ಒಣಗಿಸಿ, ಮೋಲಿ ಗ್ರೀಸ್ ತುಂಬಿ, ಹೊಸ ಬೂಟು ಏರಿಸಿ ಕ್ಲ್ಯಾಂಪ್ ಬಿಗಿದರೆ ಮುಗೀತು. ಟ್ಯೂಬಿಗೆ ಹಾಕುವಂತೆ ಪ್ಯಾಚ್ ಮಾತ್ರ ಅಂಟಿಸಬೇಡಿ, ಮಡಚಿ ಬಿಚ್ಚುವ ನೆರಿಗೆಯಲ್ಲಿ ಅದು ನಿಲ್ಲುವುದಿಲ್ಲ.

"ಲೇಬರ್ ಜಾಸ್ತಿ ಆಗ್ತದೆ" ಅನ್ನುತ್ತಾರೆ. ಇಡೀ ಆಕ್ಸೆಲ್ ಬದಲಿಸಲೂ ಹಳೇದನ್ನು ಹೊರಗೆ ಎಳೆಯಲೇಬೇಕಲ್ಲ ಸ್ವಾಮಿ? ಆಮೇಲಿನದ್ದು ಕೈಗೆ ಗ್ರೀಸು ಮೆತ್ತಿಕೊಳ್ಳುವ ಕೆಲಸ. ಅದು ಅವರಿಗೆ ಬೇಡ. ಆ ಉದಾಸೀನದ ಬಿಲ್ಲು ನಮಗೆ! ಒಂದು ಸಾಲು ಕೋಡ್ ಕೆಟ್ಟಿದ್ದಕ್ಕೆ ಹೊಸ ಕಂಪ್ಯೂಟರ್ ಕೊಳ್ಳಿ ಅಂತ ನಾವು ಹೇಳಿದರೆ ಕಸ್ಟಮರ್ ಸುಮ್ಮನೆ ಬಿಡ್ತಾನಾ? :-)

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು, ವಾಹನಗಳೂ ಅದರಲ್ಲಿ ಸೇರಿವೆ. ಒಳ್ಳೇದೇ. ಆದರೆ ಪೋರ್ಟಲ್ ಬಂದು ಬೂಟು ಹಾಕುವುದಿಲ್ಲ, ಹಾಕುವವರು ಊರಿನ ಗ್ಯಾರೇಜಿನವರು. ನಾವು ಕೇಳದಿದ್ದರೆ ಅಂಗಡಿಯವರು ಬೂಟ್ ಕಿಟ್ ತರಿಸುವುದಿಲ್ಲ, ಗ್ಯಾರೇಜಿನ ಹುಡುಗರು ಜಾಯಿಂಟ್ ಬಿಚ್ಚಲು ಕಲಿಯುವುದೂ ಇಲ್ಲ. ಆಗ ಆಕ್ಸೆಲ್ ಕೊಳ್ಳದೆ ಬೇರೆ ದಾರಿಯೇ ಉಳಿಯುವುದಿಲ್ಲ.

ಮಳೆ ಶುರುವಾಗುವ ಮೊದಲು ಒಮ್ಮೆ ಬಗ್ಗಿ ಚಕ್ರದ ಒಳಬದಿ ನೋಡಿ. ಗ್ರೀಸು ಸಿಡಿದಿದ್ದರೆ ತಡಮಾಡಬೇಡಿ. ಯಾರಾದರೂ ಆಕ್ಸೆಲ್ ಚೇಂಜ್ ಅಂದರೆ ಒಂದೇ ಮಾತು ಹೇಳಿ: "ಮೊದಲು ಬಿಚ್ಚಿ ತೋರಿಸಿ."