‘ಬಿಡ್ತು ಅನ್ನು’ ಅಂದ್ರೆ ಮುಗೀತಾ?

ನಮ್ಮ ಮನೆಗಳಲ್ಲಿ ಸಾವಿನ ಮಾತು ಎತ್ತಿದರೆ ಬರುವ ಮೊದಲ ಉತ್ತರ ಒಂದೇ: “ಬಿಡ್ತು ಅನ್ನು!” ನಾವೂ “ಬಿಡ್ತು” ಅಂದು ಊಟಕ್ಕೆ ಕೂರುತ್ತೇವೆ. ಮಾತು ಅಲ್ಲಿಗೆ ಮುಗೀತು. ಆದರೆ ಹಾಗೆ ಗದರಿದ ಅದೇ ಅಜ್ಜಿ ಸಂಜೆ ದೇವರ ಮುಂದೆ ದೀಪ ಹಚ್ಚಿ, “ಯಾರ ಕೈಲೂ ಮಾಡಿಸ್ಕೊಳ್ಳೋ ಹಾಗೆ ಮಾಡಬೇಡಪ್ಪಾ, ಓಡಾಡ್ಕೊಂಡು ಇರುವಾಗ್ಲೇ ಕರ್ಕೊಂಡ್ಬಿಡು” ಅಂತ ಕೇಳಿಕೊಳ್ಳುತ್ತಾರೆ. ಅಂದರೆ ತಮ್ಮ ಕೊನೆಯ ದಿನಗಳು ಹೇಗಿರಬೇಕು ಅನ್ನುವ ಯೋಚನೆ ನಮ್ಮ ಹಿರಿಯರಿಗೆ ಇಲ್ಲ ಅಂತಲ್ಲ. ಚೆನ್ನಾಗೇ ಇದೆ. ಅದನ್ನು ದೇವರಿಗೆ ಹೇಳುತ್ತಾರೆ, ಡಾಕ್ಟರಿಗೆ ಹೇಳುವುದಿಲ್ಲ, ಮಕ್ಕಳಿಗೂ ಹೇಳುವುದಿಲ್ಲ ಅಷ್ಟೇ.

ಆ ಮಾತನ್ನು ಕಾಗದದ ಮೇಲೆ ಬರೆದಿಡುವ ಅವಕಾಶ ಈಗ ನಮ್ಮ ದೇಶದ ಕಾನೂನಿನಲ್ಲಿದೆ. ಅದನ್ನು ‘ಲಿವಿಂಗ್ ವಿಲ್’ ಅಂತಾರೆ. ಸರ್ಕಾರಿ ಭಾಷೆಯಲ್ಲಿ ‘ಮುಂಗಡ ವೈದ್ಯಕೀಯ ನಿರ್ದೇಶನ’. ಹದಿನೆಂಟು ತುಂಬಿದ, ಬುದ್ಧಿ ಸ್ಥಿಮಿತದಲ್ಲಿರುವ ಯಾರು ಬೇಕಾದರೂ ಬರೆಯಬಹುದು. ಅಂದರೆ ಇದನ್ನು ಓದುತ್ತಿರುವ ನೀವೂ ಬರೆಯಬಹುದು. ಬರೆಯಬೇಕು ಅನ್ನುವುದು ನಮ್ಮ ವಾದ.

“ಇಪ್ಪತ್ತೊಂದು ವರ್ಷಕ್ಕೆ ಇದೆಲ್ಲ ಯಾಕ್ರೋ, ಮೊದಲು ಬ್ಯಾಕ್‌ಲಾಗ್ ಕ್ಲಿಯರ್ ಮಾಡ್ಕೊಳ್ಳಿ” ಅಂತ ಸೀನಿಯರ್ಸ್ ನಗಬಹುದು. ಆದರೆ ಜಗತ್ತಿನಲ್ಲಿ ಈ ವಿಷಯಕ್ಕೆ ಕಾನೂನು ತಂದ ಕೇಸುಗಳನ್ನು ಒಂದೊಂದಾಗಿ ನೋಡಿ. ಅಮೆರಿಕದ ಕ್ಯಾರೆನ್ ಆ್ಯನ್ ಕ್ವಿನ್ಲನ್ 1975ರಲ್ಲಿ ಪ್ರಜ್ಞೆ ತಪ್ಪಿದಾಗ ವಯಸ್ಸು 21. ನ್ಯಾನ್ಸಿ ಕ್ರುಜನ್ 1983ರಲ್ಲಿ ಕಾರು ಅಪಘಾತಕ್ಕೆ ಸಿಕ್ಕಾಗ 25. ಟೆರಿ ಶೈವೋ 1990ರಲ್ಲಿ ಮನೆಯಲ್ಲೇ ಕುಸಿದು ಬಿದ್ದಾಗ 26. ಆಕೆ ಏನನ್ನೂ ಬರೆದಿಟ್ಟಿರಲಿಲ್ಲ. ಆಹಾರದ ನಳಿಕೆ ತೆಗೆಯಬೇಕು ಅಂತ ಗಂಡ, ತೆಗೆಯಬಾರದು ಅಂತ ತಂದೆ ತಾಯಿ, ಇಬ್ಬರೂ ವರ್ಷಗಟ್ಟಲೆ ಕೋರ್ಟಿನಲ್ಲಿ ಬಡಿದಾಡಿದರು. ಕೊನೆಗೆ 2005ರಲ್ಲಿ ಆಕೆ ತೀರಿಕೊಂಡರು. ನಮ್ಮ ದೇಶದಲ್ಲೇ 2013ರಲ್ಲಿ ಚಂಡೀಗಢದಲ್ಲಿ ಓದುತ್ತಿದ್ದ ಒಬ್ಬ ವಿದ್ಯಾರ್ಥಿ ತಾನಿದ್ದ ಪಿಜಿಯ ನಾಲ್ಕನೇ ಮಹಡಿಯಿಂದ ಬಿದ್ದ. ಮತ್ತೆ ಎದ್ದು ಕೂರಲಿಲ್ಲ. ಹತ್ತು ವರ್ಷಕ್ಕೂ ಮೇಲೆ ಅವನನ್ನು ನೋಡಿಕೊಂಡ ತಂದೆ ತಾಯಿ ದೆಹಲಿ ಹೈಕೋರ್ಟಿಗೆ ಹೋದರು, 2024ರಲ್ಲಿ ಅಲ್ಲಿ ಅರ್ಜಿ ಒಪ್ಪಲಿಲ್ಲ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋದರು. ಪಿಜಿ, ಮಹಡಿ, ಓದು. ಇದರಲ್ಲಿ ನಮಗೆ ಗೊತ್ತಿಲ್ಲದ್ದು ಯಾವುದಿದೆ? ವಯಸ್ಸಾದವರು ನಿಧಾನವಾಗಿ ಹೋಗುತ್ತಾರೆ, ಹೇಳುವುದಕ್ಕೆ ಅವರಿಗೆ ಸ್ವಲ್ಪ ಸಮಯವಾದರೂ ಸಿಗುತ್ತದೆ. ಬೈಕಿನಿಂದ ಬಿದ್ದವರಿಗೆ ಅದೂ ಸಿಗುವುದಿಲ್ಲ.

ನಮ್ಮ ರಾಜ್ಯದವರೇ ಆದ ಅರುಣಾ ಶಾನಭಾಗ್ ಅವರ ಕಥೆ ಎಲ್ಲರಿಗೂ ಗೊತ್ತಿರಬೇಕು. ಉತ್ತರ ಕನ್ನಡದ ಹೊನ್ನಾವರ ತಾಲ್ಲೂಕಿನ ಹಳದೀಪುರದವರು. ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ಕೆಲಸಗಾರನೊಬ್ಬ ನಾಯಿಯ ಚೈನಿನಿಂದ ಕುತ್ತಿಗೆ ಬಿಗಿದು ಅವರ ಮೇಲೆ ದೌರ್ಜನ್ಯ ಎಸಗಿದ. ಮೆದುಳಿಗೆ ಆಮ್ಲಜನಕ ಹೋಗದೆ ಆದ ಹಾನಿ ಸರಿಯಾಗಲೇ ಇಲ್ಲ. ಆಗ ಅವರಿಗೆ 25. ಅಲ್ಲಿಂದ 2015ರ ಮೇ 18ರವರೆಗೆ, ನಲವತ್ತೊಂದು ವರ್ಷಕ್ಕೂ ಮೇಲೆ, ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಪತ್ರಕರ್ತೆ ಪಿಂಕಿ ವಿರಾನಿ ಅವರ ಪರವಾಗಿ ಸುಪ್ರೀಂ ಕೋರ್ಟಿಗೆ ಹೋದಾಗ, ಅರುಣಾ ಅವರನ್ನು ಮಗುವಿನಂತೆ ನೋಡಿಕೊಳ್ಳುತ್ತಿದ್ದ ಕೆಇಎಂ ಸಿಬ್ಬಂದಿ ‘ಬೇಡ, ನಾವು ನೋಡ್ಕೋತೀವಿ’ ಅಂದರು. 2011ರ ಮಾರ್ಚ್ 7ರಂದು ಕೋರ್ಟ್ ವಿರಾನಿಯವರ ಅರ್ಜಿಯನ್ನು ಒಪ್ಪಲಿಲ್ಲ. ಆದರೆ ಇಂಥ ಸ್ಥಿತಿಯಲ್ಲಿ ಹೈಕೋರ್ಟಿನ ಅನುಮತಿ ಪಡೆದು ಜೀವ ಹಿಡಿದಿಡುವ ಚಿಕಿತ್ಸೆಯನ್ನು ನಿಲ್ಲಿಸಬಹುದು ಅಂತ ಮೊದಲ ಬಾರಿ ಹೇಳಿತು.

ಆ ಕೇಸಿನಲ್ಲಿ ವಿರಾನಿಯವರೂ ಪ್ರೀತಿಯಿಂದಲೇ ಮಾತಾಡಿದರು, ನರ್ಸುಗಳೂ ಪ್ರೀತಿಯಿಂದಲೇ ಮಾತಾಡಿದರು. ಮಾತಾಡದೆ ಉಳಿದವರು ಅರುಣಾ ಒಬ್ಬರೇ. ಅವರಿಗೆ ಏನು ಬೇಕಿತ್ತು ಅಂತ ಯಾರಿಗೂ ಗೊತ್ತಿರಲಿಲ್ಲ.

ಮುಂದೆ 2018ರ ಮಾರ್ಚ್ 9ರಂದು, ‘ಕಾಮನ್ ಕಾಸ್’ ಸಂಸ್ಥೆ 2005ರಲ್ಲಿ ಹಾಕಿದ್ದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಘನತೆಯಿಂದ ಸಾಯುವ ಹಕ್ಕು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲೇ ಸೇರಿದೆ, ಅದಕ್ಕಾಗಿ ಮುಂಚೆಯೇ ಬರೆದಿಡಬಹುದು ಅಂತ ಹೇಳಿತು. ಆದರೆ ಆಗ ಇಟ್ಟ ನಿಯಮಗಳು ಎಷ್ಟು ತೊಡಕಾಗಿದ್ದವು ಅಂದ್ರೆ, ಬರೆದ ಕಾಗದಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು, ಜಿಲ್ಲಾಧಿಕಾರಿ ವೈದ್ಯರ ಮಂಡಳಿ ರಚಿಸಬೇಕಿತ್ತು. ಐಸಿಯು ವೈದ್ಯರ ಸಂಘವೇ ಮತ್ತೆ ಕೋರ್ಟಿಗೆ ಹೋಗಿ ‘ಇದು ಆಗೋ ಕೆಲಸ ಅಲ್ಲ’ ಅಂತ ತಿಳಿಸಿದ ಮೇಲೆ 2023ರ ಜನವರಿಯಲ್ಲಿ ಕೋರ್ಟ್ ಅದನ್ನು ಸರಳ ಮಾಡಿತು.

ಈಗಿನ ವಿಧಾನ ಹೀಗಿದೆ. ಯಾವ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡ ಅಂತ ಸ್ಪಷ್ಟವಾಗಿ ಬರೆಯಬೇಕು. ನಮಗೆ ಪ್ರಜ್ಞೆ ಇಲ್ಲದಾಗ ನಮ್ಮ ಪರವಾಗಿ ಮಾತಾಡುವವರ ಹೆಸರು ಬರೆಯಬೇಕು, ಒಂದಕ್ಕಿಂತ ಹೆಚ್ಚು ಹೆಸರು ಇರಬೇಕು. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಬೇಕು. ಪ್ರತಿಗಳನ್ನು ಆ ಹೆಸರಿನವರಿಗೆ, ಮನೆ ಡಾಕ್ಟರಿದ್ದರೆ ಅವರಿಗೆ, ಸ್ಥಳೀಯ ಸಂಸ್ಥೆಯ ಅಧಿಕಾರಿಗೆ ಕೊಡಬೇಕು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬರಹದಲ್ಲಿ ವಾಪಸ್ ಪಡೆಯಬಹುದು.

ಕಾಗದ ಇದೆ ಅಂದ ಕೂಡಲೇ ಆಸ್ಪತ್ರೆಯವರು ಮೆಷಿನ್ ಆಫ್ ಮಾಡಿಬಿಡುವುದಿಲ್ಲ. ರೋಗಿಗೆ ತಾನಾಗಿ ತೀರ್ಮಾನ ತೆಗೆದುಕೊಳ್ಳುವ ಶಕ್ತಿ ಇದ್ದಷ್ಟು ದಿನ ಆ ಕಾಗದಕ್ಕೆ ಕೆಲಸವೇ ಇಲ್ಲ. ಆ ಶಕ್ತಿ ಹೋಗಿ, ಗುಣವಾಗುವ ಆಸೆಯೂ ಇಲ್ಲದಾಗ, ಚಿಕಿತ್ಸೆ ಕೊಡುತ್ತಿರುವ ವೈದ್ಯರ ಜೊತೆ ಕನಿಷ್ಠ ಐದು ವರ್ಷ ಅನುಭವದ ಇಬ್ಬರು ತಜ್ಞರು ಕೂತು ನೋಡುತ್ತಾರೆ. ಅವರು ಒಪ್ಪಿದ ಮೇಲೆ ಎರಡನೇ ಮಂಡಳಿ, ಅದರಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ವೈದ್ಯರೊಬ್ಬರು ಮತ್ತು ಬೇರೆ ಇಬ್ಬರು ತಜ್ಞರು. ಒಂದೊಂದು ಮಂಡಳಿಯೂ ಆದಷ್ಟು 48 ಗಂಟೆಯೊಳಗೆ ಹೇಳಬೇಕು. ಆಮೇಲೆ ಮ್ಯಾಜಿಸ್ಟ್ರೇಟರಿಗೆ ತಿಳಿಸಿ, ನಂತರವೇ ಕ್ರಮ. ನಮ್ಮ ಲ್ಯಾಬ್ ರೆಕಾರ್ಡಿಗೂ ಇಷ್ಟು ಸಹಿ ಬೇಕಾಗಲ್ಲ! ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಇದನ್ನು ಜಾರಿ ಮಾಡುವ ಆದೇಶ ಹೊರಡಿಸಿದೆ.

ಪತ್ರಿಕೆಗಳು, ಟಿವಿಯವರು ಇದನ್ನೆಲ್ಲ ‘ದಯಾಮರಣ’, ‘ಇಚ್ಛಾಮರಣ’ ಅಂತ ಕರೆದು ಗೊಂದಲ ಮಾಡಿಟ್ಟಿದ್ದಾರೆ. ಇಚ್ಛಾಮರಣ ಭೀಷ್ಮನಿಗೆ ಶಂತನು ಕೊಟ್ಟ ವರ, ಬೇಕೆಂದಾಗ ಸಾಯುವುದು. ಲಿವಿಂಗ್ ವಿಲ್ ಅದಲ್ಲ. ಇಂಜೆಕ್ಷನ್ ಕೊಟ್ಟು ಸಾಯಿಸುವುದು ಭಾರತದಲ್ಲಿ ಇವತ್ತಿಗೂ ಅಪರಾಧ, ಯಾವ ಕಾಗದವೂ ಅದನ್ನು ಬದಲಾಯಿಸುವುದಿಲ್ಲ. ಇಲ್ಲಿ ಹೇಳುವುದು ಇಷ್ಟೇ: ದೇಹ ತಾನಾಗಿ ಹೊರಟು ನಿಂತಾಗ ಮೆಷಿನ್ ಹಾಕಿ ಬಾಗಿಲಲ್ಲಿ ಅಡ್ಡ ಹಾಕಬೇಡಿ. ನೋವು ಕಡಿಮೆ ಮಾಡುವುದು, ಬಾಯಿ ಒಣಗದ ಹಾಗೆ ನೋಡಿಕೊಳ್ಳುವುದು, ಮಗ್ಗುಲು ಬದಲಿಸುವುದು, ಪಕ್ಕದಲ್ಲಿ ಕೂತು ಕೈ ಹಿಡಿಯುವುದು, ಇದ್ಯಾವುದೂ ನಿಲ್ಲುವುದಿಲ್ಲ. ಇದಕ್ಕೇ ಉಪಶಮನ ಚಿಕಿತ್ಸೆ ಅನ್ನುವುದು. ಬೆಂಗಳೂರಿನ ಕರುಣಾಶ್ರಯದಂಥ ಕಡೆ ಕೊನೆ ಹಂತದ ಕ್ಯಾನ್ಸರ್ ರೋಗಿಗಳಿಗೆ ಇದನ್ನು ಉಚಿತವಾಗಿ ಕೊಡುತ್ತಾರೆ.

ಬರೆದಿಡದೇ ಇದ್ದರೆ ಏನಾಗುತ್ತದೆ? ನಮ್ಮ ಬ್ಯಾಚಿನ ಗೆಳೆಯನೊಬ್ಬನ ಮನೆಯಲ್ಲಿ ಹೋದ ವರ್ಷ ಆದದ್ದು ಇದು, ಅವನ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ. ತಾತನಿಗೆ ಎಂಬತ್ತೆರಡು, ಎರಡನೇ ಸಲ ಸ್ಟ್ರೋಕ್. ವೆಂಟಿಲೇಟರ್ ಹಾಕಿದರು. ಹದಿನೈದು ದಿನದ ಮೇಲೆ ಡಾಕ್ಟರು ‘ಮುಂದೇನು ಮಾಡೋಣ, ನೀವೇ ಹೇಳಿ’ ಅಂದರು. ದೊಡ್ಡಪ್ಪ ಫೋನಿನಲ್ಲಿ “ದುಡ್ಡು ನಾನು ಕಳಿಸ್ತೀನಿ, ಏನೂ ನಿಲ್ಲಿಸ್ಬೇಡಿ” ಅಂದರು, ಅವರಿದ್ದದ್ದು ಡಲ್ಲಾಸ್‌ನಲ್ಲಿ. ರಾತ್ರಿ ಹಗಲು ಐಸಿಯು ಹೊರಗಿನ ಸ್ಟೀಲ್ ಕುರ್ಚಿಯಲ್ಲಿ ಕೂತಿದ್ದ ಅತ್ತೆ “ಅಪ್ಪನ್ನ ಹಿಂಗೆ ನೋಡೋಕಾಗಲ್ಲ, ಮನೆಗೆ ಕರ್ಕೊಂಡು ಹೋಗೋಣ” ಅಂದರು. ಅಪ್ಪ ಎರಡೂ ಕಡೆ ಸಿಕ್ಕಿಕೊಂಡು ಕೊನೆಗೆ ಹಾಸ್ಟೆಲಿನಲ್ಲಿದ್ದ ಮಗನಿಗೆ ಫೋನ್ ಮಾಡಿ “ನೀನು ಓದಿದವನು, ನೀನೇ ಹೇಳಪ್ಪಾ” ಅಂದರು. ಇಂಟರ್ನಲ್ಸ್ ನಡುವೆ ಇಪ್ಪತ್ತು ವರ್ಷದ ಹುಡುಗ ತಾತನ ಜೀವದ ಬಗ್ಗೆ ಏನು ಹೇಳಬೇಕು? ಐದು ದಿನ ಕಳೆದು ತಾತ ಅಲ್ಲೇ ಹೋದರು. ತಿಥಿಯ ದಿನವೂ ದೊಡ್ಡಪ್ಪ ಮತ್ತು ಅತ್ತೆ ಮಾತಾಡಲಿಲ್ಲ, ಇವತ್ತಿಗೂ ಮಾತಿಲ್ಲ. ತಾತ ಒಂದು ಹಾಳೆ ಬರೆದಿಟ್ಟಿದ್ದರೆ ಅದರಲ್ಲಿ ‘ಎಲ್ಲಾ ಚಿಕಿತ್ಸೆ ಕೊಡಿ’ ಅಂತಲೇ ಇರಬಹುದಿತ್ತು. ಇದ್ದರೆ ಇರಲಿ. ಅದು ಅವರ ಮಾತಾಗಿರುತ್ತಿತ್ತು, ಮಕ್ಕಳು ಜಗಳವಾಡಬೇಕಿರಲಿಲ್ಲ.

ವಿರೋಧದ ಮಾತುಗಳೂ ಇವೆ, ಅವನ್ನು ತಳ್ಳಿಹಾಕುವ ಹಾಗಿಲ್ಲ. ಆಸ್ತಿಯ ಆಸೆಗೆ ಮಕ್ಕಳೇ ಬಲವಂತವಾಗಿ ಸಹಿ ಹಾಕಿಸಿದರೆ? ಈ ಭಯ ನಿಜವಾದದ್ದೇ. ಅದಕ್ಕೇ ಎರಡು ವೈದ್ಯ ಮಂಡಳಿ ಇಟ್ಟಿರುವುದು. ಸಾಕ್ಷಿಗಳು ಆದಷ್ಟು ಮನೆಯವರಲ್ಲದವರೇ ಇರಲಿ ಅನ್ನುವುದೂ ಅದಕ್ಕೇ. ಇನ್ನೊಂದು ಮಾತು ಇದಕ್ಕಿಂತ ಕಷ್ಟದ್ದು: ಬಡವರಿಗೆ ಐಸಿಯುವೇ ಸಿಗದ ದೇಶದಲ್ಲಿ ‘ಚಿಕಿತ್ಸೆ ಬೇಡ’ ಅನ್ನುವ ಹಕ್ಕು ಯಾರಿಗೆ ಬೇಕು? ದುಡ್ಡಿಲ್ಲದೆ ರೋಗಿಯನ್ನು ಮನೆಗೆ ಕರೆದೊಯ್ಯುವವರಿಗೆ ಅದು ಆಯ್ಕೆಯಲ್ಲ. ಇದಕ್ಕೆ ಲಿವಿಂಗ್ ವಿಲ್ ಉತ್ತರವಾಗುವುದಿಲ್ಲ ಅಂತ ಒಪ್ಪುತ್ತೇವೆ. ಆಸ್ಪತ್ರೆ ಬೇಕು, ಜಿಲ್ಲೆ ಜಿಲ್ಲೆಯಲ್ಲೂ ಉಪಶಮನ ಚಿಕಿತ್ಸೆ ಬೇಕು. ಆದರೆ ಹೊಲ ಅಡವಿಟ್ಟು, ತಾಳಿ ಮಾರಿ, ಪ್ರಯೋಜನವಿಲ್ಲ ಅಂತ ಗೊತ್ತಿದ್ದೂ ‘ಜನ ಏನಂತಾರೋ’ ಅಂತ ಐಸಿಯು ಬಿಲ್ ಕಟ್ಟುವ ಮನೆಗಳನ್ನೂ ನಾವು ಕಂಡಿದ್ದೇವೆ. ‘ನನಗೋಸ್ಕರ ಹೊಲ ಮಾರಬೇಡಿ’ ಅನ್ನುವ ಅಪ್ಪನ ಒಂದು ಸಾಲು ಆ ಮಗನ ಎದೆಯ ಮೇಲಿನ ಕಲ್ಲನ್ನು ಇಳಿಸುತ್ತದೆ.

ಈ ವಿಷಯ ಕನ್ನಡ ಸಂಘಕ್ಕೆ ಯಾಕೆ ಅಂದರೆ, ನಾವು ಹುಡುಕಿ ನೋಡಿದ ನಮೂನೆಗಳೆಲ್ಲ ಇಂಗ್ಲಿಷಿನವು. ಆಸ್ಪತ್ರೆಯ ಒಪ್ಪಿಗೆ ಪತ್ರದ ಕಥೆಯೂ ಬಹಳ ಕಡೆ ಅದೇ, ‘ಇಲ್ಲಿ ಸೈನ್ ಹಾಕಿ, ಇಲ್ಲೊಂದು, ಇಲ್ಲೊಂದು’. ತನ್ನ ಸಾವಿನ ಬಗ್ಗೆ ತಾನು ಬರೆಯುವ ಕಾಗದ ತನಗೇ ಓದಲು ಬರದಿದ್ದರೆ ಅದು ತನ್ನ ಇಚ್ಛೆ ಹೇಗಾಗುತ್ತದೆ? ನಮ್ಮ ಅಜ್ಜಿಗೆ ‘ವೆಂಟಿಲೇಟರ್ ಬೇಕಾ’ ಅಂತ ಕೇಳಿದರೆ ಅರ್ಥವಾಗಲ್ಲ. “ಗಂಟಲೊಳಗೆ ಪೈಪ್ ಇಳಿಸಿ ಮೆಷಿನ್ನಿಂದ ಉಸಿರಾಡಿಸ್ತಾರೆ, ಆಗ ಮಾತಾಡೋಕಾಗಲ್ಲ, ಬೇಕಾ?” ಅಂದರೆ ಅರ್ಥವಾಗುತ್ತದೆ. ಸಿಪಿಆರ್ ಅಂದರೆ ನಿಂತ ಎದೆಯನ್ನು ಜೋರಾಗಿ ಒತ್ತುವುದು, ವಯಸ್ಸಾದವರಿಗೆ ಪಕ್ಕೆಲುಬು ಮುರಿಯಲೂಬಹುದು. ಡಯಾಲಿಸಿಸ್ ಅಂದರೆ ರಕ್ತವನ್ನು ಮೆಷಿನ್ನಿನಲ್ಲಿ ಶುದ್ಧ ಮಾಡುವುದು. ಮೂಗಿನ ನಳಿಕೆಯಲ್ಲಿ ಗಂಜಿ ಹಾಕುವುದು. ಈ ನಾಲ್ಕನ್ನು ಸರಿಯಾದ ಕನ್ನಡದಲ್ಲಿ ವಿವರಿಸುವ ಎರಡು ಪುಟದ ನಮೂನೆಯನ್ನು ವೈದ್ಯರು, ವಕೀಲರ ಸಹಾಯ ಪಡೆದು ಸಿದ್ಧ ಮಾಡುವುದು ನಮ್ಮ ಸಂಘದ ಕೈಲಾಗುವ ಕೆಲಸ. ರಾಜ್ಯೋತ್ಸವಕ್ಕೆ ಬಾವುಟ ಕಟ್ಟುವುದರ ಜೊತೆಗೆ ಇದನ್ನೂ ಮಾಡೋಣ ಅನ್ನುವುದು ನಮ್ಮ ಪ್ರಸ್ತಾಪ.

ಸರ್ಕಾರಕ್ಕೂ ಒಂದು ಮಾತು. ಆದೇಶ ಹೊರಡಿಸಿದರೆ ಸಾಲದು. ಪ್ರತಿಯನ್ನು ಪಂಚಾಯಿತಿಯಲ್ಲಿ, ನಗರಸಭೆಯಲ್ಲಿ ಯಾರ ಕೈಗೆ ಕೊಡಬೇಕು, ರಾತ್ರಿ ಎರಡಕ್ಕೆ ಬೇರೆ ಊರಿನ ಆಸ್ಪತ್ರೆಗೆ ಅದು ಸಿಗುವುದು ಹೇಗೆ ಅನ್ನುವುದು ಜನರಿಗೆ ತಿಳಿಯಬೇಕು. ಡಿಜಿಟಲ್ ಆರೋಗ್ಯ ದಾಖಲೆಯಲ್ಲೂ ಸೇರಿಸಬಹುದು ಅಂತ ಕೋರ್ಟೇ ಹೇಳಿದೆ. ಪಹಣಿ ಮೊಬೈಲಿನಲ್ಲಿ ಸಿಗುವ ರಾಜ್ಯದಲ್ಲಿ ಇದು ಆಗದ ಮಾತೇನಲ್ಲ.

ಪ್ಲೇಸ್‌ಮೆಂಟ್ ಆದ ಕೂಡಲೇ ಕಂಪನಿಯವರು ಇನ್ಶೂರೆನ್ಸ್ ಫಾರ್ಮ್ ಕೊಟ್ಟು ನಾಮಿನಿ ಹೆಸರು ಬರೆಸುತ್ತಾರೆ. ಆಗ ಯಾರೂ ‘ಬಿಡ್ತು ಅನ್ನು’ ಅನ್ನುವುದಿಲ್ಲ. ನಾವು ಸತ್ತ ಮೇಲೆ ದುಡ್ಡು ಯಾರಿಗೆ ಅಂತ ಬರೆಯುವ ಧೈರ್ಯವಿರುವ ನಮಗೆ, ಸಾಯುವ ಮುಂಚೆ ನಮ್ಮ ಪರವಾಗಿ ಯಾರು ಮಾತಾಡಬೇಕು ಅಂತ ಬರೆಯುವ ಧೈರ್ಯವೂ ಬರಬೇಕು.

ಈ ಸಲ ರಜೆಗೆ ಊರಿಗೆ ಹೋದಾಗ ಕಾಗದ ಆಮೇಲೆ, ಮೊದಲು ಮಾತು. ಊಟ ಆದ ಮೇಲೆ ಜಗಲಿಯಲ್ಲೋ ಟೆರೇಸಿನಲ್ಲೋ ಕೂತು, “ಅಪ್ಪಾ, ನಾನೇ ಹಂಗೆ ಮಲಗಿಬಿಟ್ರೆ ನನಗೆ ಇಂತಿಂಥದ್ದು ಬೇಡ” ಅಂತ ನಿಮ್ಮಿಂದಲೇ ಶುರು ಮಾಡಿ. “ಬಿಡ್ತು ಅನ್ನು” ಅಂತಾರೆ. ಅಂದುಬಿಡಿ. ಅಂದ ಮೇಲೆ, “ಸರಿ, ನಿಮಗೇನು ಬೇಕು ಹೇಳಿ” ಅಂತ ಕೇಳಿ.